ಸೋಫಾಕ್ಕಿಂತ ಮೊದಲು ಗೋಡೆ: ಹಳೇ ಮನೆಯ ಹಾಲ್ ಸರಿಮಾಡಿದ ಹನ್ನೆರಡು ತಿಂಗಳು

2023ರ ದಸರಾ ಮುಗಿದ ಮೇಲೆ ಗೊಂಬೆ ಎತ್ತಿಡುತ್ತಿದ್ದೆವು. ಮೇಲಿನ ಮೆಟ್ಟಿಲಿಂದ ಪಟ್ಟದ ರಾಣಿಯನ್ನು ಕೆಳಗಿಳಿಸಿದ ಅಮ್ಮ ಅದನ್ನು ತಿರುಗಿಸಿ ನೋಡಿ ಹಾಗೇ ನಿಂತುಬಿಟ್ಟರು. ಗೋಡೆಗೆ ತಾಗಿಕೊಂಡಿದ್ದ ಕಡೆ ಸೀರೆಯ ಬಟ್ಟೆ ಒದ್ದೆಯಾಗಿತ್ತು. ಜರಿ ಕಪ್ಪಾಗಿತ್ತು. ಹಿಂದೆ ಇಳಿಬಿಟ್ಟಿದ್ದ ಹಳೇ ರೇಷ್ಮೆ ಸೀರೆಯ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಬೆರಳಲ್ಲಿ ಉಜ್ಜಿದರೆ ಪುಡಿ ಪುಡಿ. ಉಪ್ಪು.

ಆ ಜೋಡಿ ಗೊಂಬೆ ನಮ್ಮಜ್ಜಿ ಮದುವೆಯಾಗಿ ಬಂದಾಗ ತವರಿನಿಂದ ತಂದದ್ದು. ಮನೆ ತಾತ 1954ರಲ್ಲಿ ಕಟ್ಟಿಸಿದ್ದು, ಮೈಸೂರಿನ ಹಳೇ ಬಡಾವಣೆಯಲ್ಲಿ. ಕಲ್ಲಿನ ತಳಪಾಯ, ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಕೆಂಪು ನೆಲ. ಹಾಲ್‌ನ ಪಡುವಣ ಗೋಡೆ 14 ಅಡಿ ಉದ್ದ. ಗೊಂಬೆ ಕೂರಿಸುವುದು ಯಾವಾಗಲೂ ಆ ಗೋಡೆಗೇ.

ಆ ಗೋಡೆಗೆ ಹಿಂದಿನ ವರ್ಷವಷ್ಟೇ 31,000 ರೂಪಾಯಿ ಖರ್ಚು ಮಾಡಿ ಬಣ್ಣ ಹೊಡೆಸಿದ್ದೆ. ಎರಡು ಕೋಟು ಪುಟ್ಟಿ, ಒಂದು ಕೋಟು ಪ್ರೈಮರ್, ಅದರ ಮೇಲೆ ಒರೆಸಿದರೂ ಹೋಗದ ಪೇಂಟ್. ಎಂಟು ತಿಂಗಳಿಗೆ ಉಬ್ಬಿತು. ಹತ್ತು ತಿಂಗಳಿಗೆ ಹಪ್ಪಳದ ಹಾಗೆ ಹಕ್ಕಳೆ ಎದ್ದಿತು. ಮುಂದಿನ ದಸರಾಕ್ಕೆ ಗೊಂಬೆ ಒಣಗಿದ ಗೋಡೆಗೆ ಒರಗಬೇಕು, ಅದರ ಜೊತೆ ಹಾಲ್‌ನ ಕುರ್ಚಿ, ಟಿವಿ, ಪರದೆ ಎಲ್ಲವನ್ನೂ ಸರಿ ಮಾಡಬೇಕು ಅಂತ ಅವತ್ತೇ ಅಮ್ಮನಿಗೆ ಮಾತು ಕೊಟ್ಟೆ. ಏನೇನು ಮಾಡಿದೆ, ಎಲ್ಲಿ ತಪ್ಪಿತು ಅಂತ ಒಂದು ನೋಟ್‌ಬುಕ್ಕಲ್ಲಿ ಬರೆಯುತ್ತಾ ಹೋದೆ. ಅದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ಹಳೇ ಸುಣ್ಣದ ಗೋಡೆಯ ಮನೆ ಇರುವವರಿಗೆ ಉಪಯೋಗಕ್ಕೆ ಬರಲಿ.

ನವೆಂಬರ್, ಡಿಸೆಂಬರ್: ನೀರು ಎಲ್ಲಿಂದ?

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ಮೂರಡಿ ಎತ್ತರಕ್ಕೆ ಟೈಲ್ಸ್ ಹಾಕಿಸಿ ಅಂದರು ಒಬ್ಬರು. ಪಿವಿಸಿ ಪ್ಯಾನೆಲ್ ಹೊಡೆಸಿ, ಒಂದೇ ದಿನದ ಕೆಲಸ ಅಂದರು ಇನ್ನೊಬ್ಬರು. ವಾಟರ್‌ಪ್ರೂಫ್ ಕೋಟಿಂಗ್ ಬಳಿಸಿ, ಗ್ಯಾರಂಟಿ ಕೊಡುತ್ತೇವೆ ಅಂತ ಮನೆಗೇ ಬಂದವರೂ ಉಂಟು. ನೀರು ಎಲ್ಲಿಂದ ಬರುತ್ತಿದೆ ಅಂತ ಮಾತ್ರ ಯಾರೂ ಕೇಳಲಿಲ್ಲ. ನನಗೆ ಎಲ್ಲಕ್ಕಿಂತ ಬೇಜಾರಾದದ್ದು ಅದೇ.

ಮೊದಲ ಅನುಮಾನ ಪೈಪಿನ ಮೇಲೆ. ರಾತ್ರಿ ಮನೆಯ ಎಲ್ಲ ನಲ್ಲಿ ನಿಲ್ಲಿಸಿ, ಸಿಂಟೆಕ್ಸ್‌ಗೆ ಹೋಗುವ ವಾಲ್ವೂ ಮುಚ್ಚಿ, ನೀರು ಬರುವ ಹೊತ್ತಲ್ಲಿ ಮೀಟರಿನ ಮುಂದೆ ಎರಡು ಗಂಟೆ ಕೂತೆ. ಮುಳ್ಳು ಅಲ್ಲಾಡಲಿಲ್ಲ. ಮೀಟರಿನಿಂದ ಮನೆಯೊಳಗಿನ ತನಕ ಪೈಪು ಒಡೆದಿಲ್ಲ ಅಂತಾಯಿತು. ತಾರಸಿಯಿಂದ ಇಳಿಯುತ್ತಿದ್ದರೆ ಗೋಡೆಯ ಮೇಲ್ಭಾಗ ಒದ್ದೆಯಾಗಬೇಕಿತ್ತು. ಮೇಲೆ ಎಲ್ಲ ಒಣ. ಕಲೆ ಇದ್ದದ್ದು ನೆಲದಿಂದ ಮೂರೂಕಾಲು ಅಡಿಯವರೆಗೆ ಮಾತ್ರ.

ಆಮೇಲೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ. ಇದು ಸುಲಭ, ಯಾರು ಬೇಕಾದರೂ ಮಾಡಬಹುದು. ಬಣ್ಣ ಇನ್ನೂ ಗಟ್ಟಿಯಾಗಿ ಹಿಡಿದಿದ್ದ ಜಾಗ ನೋಡಿ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗಾಳಿಯಾಡದ ಹಾಗೆ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದೆ. ಹಾಳೆಯ ಹೊರಮೈ ಒಣಗಿತ್ತು, ಗೋಡೆಯ ಕಡೆಯ ಒಳಮೈಯಲ್ಲಿ ಸಣ್ಣ ಸಣ್ಣ ಹನಿ. ಕೋಣೆಯ ಗಾಳಿಯ ತೇವ ಆಗಿದ್ದರೆ ಹನಿ ಹೊರಗಡೆ ಕೂರಬೇಕಿತ್ತು. ಅಂದರೆ ನೀರು ಗೋಡೆಯ ಒಳಗಿಂದಲೇ, ಕೆಳಗಿಂದಲೇ ಏರುತ್ತಿದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುತ್ತದಲ್ವಾ, ಇಟ್ಟಿಗೆಯೂ ಹಾಗೇ ನೀರು ಎಳೆದುಕೊಳ್ಳುತ್ತದೆ.

ಆದರೆ ಚಿಕ್ಕಂದಿನಲ್ಲಿ ಈ ಗೋಡೆ ಹೀಗಿರಲಿಲ್ಲ. ಐವತ್ತು ವರ್ಷ ಇಲ್ಲದ ತೇವ ಈಗ ಯಾಕೆ? ಉತ್ತರ ಸಿಕ್ಕಿದ್ದು ಹಳೇ ಫೋಟೋದಲ್ಲಿ. ನನ್ನ ಐದನೇ ವರ್ಷದ ಹುಟ್ಟುಹಬ್ಬದ ಫೋಟೋ. ಜಗುಲಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದೇವೆ. ಮೂರು ಮೆಟ್ಟಿಲು. ಹೊರಗೆ ಹೋಗಿ ಎಣಿಸಿದೆ. ಈಗ ಒಂದೂವರೆ. ಮೆಟ್ಟಿಲು ಎಲ್ಲೂ ಹೋಗಿಲ್ಲ, ರಸ್ತೆ ಮೇಲೆ ಬಂದಿದೆ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಸುಮಾರು 10 ಇಂಚು ಎತ್ತರವಾಗಿದೆ. ಮಳೆ ಬಂದರೆ ರಸ್ತೆಯ ನೀರು ನಮ್ಮ ಕಾಂಪೌಂಡಿಗೂ ಗೋಡೆಗೂ ನಡುವಿನ ಸಂದಿಗೆ ನುಗ್ಗುತ್ತದೆ.

ಅದು ಅರ್ಧ ಕಾರಣ. ಇನ್ನರ್ಧ ನಮ್ಮದೇ. ಸಂದಿಯಲ್ಲಿ ಕೆಸರಾಗುತ್ತದೆ ಅಂತ 2016ರಲ್ಲಿ ಕಾಂಕ್ರೀಟ್ ಹಾಕಿಸಿದ್ದೆವು. ಒಂದು ಗೋಲಿ ಇಟ್ಟು ನೋಡಿದೆ, ಅದು ಸೀದಾ ಉರುಳಿಕೊಂಡು ಗೋಡೆಯ ಬುಡಕ್ಕೆ ಹೋಯಿತು. ಇಳಿಜಾರು ಮನೆಯ ಕಡೆಗೇ ಇತ್ತು. ತಾರಸಿ ನೀರಿನ ಪೈಪೂ ಅಲ್ಲೇ ಸುರಿಯುತ್ತಿತ್ತು. ಗೋಡೆಯ ಹೊರಮೈಗೆ ಎರಡಡಿ ಎತ್ತರ ಸಿಮೆಂಟ್ ಪ್ಲಾಸ್ಟರ್ ಬಳಿಸಿದ್ದೆವು, ಗಟ್ಟಿಯಾಗಿರಲಿ ಅಂತ. ಹೊರಗಡೆ ಸಿಮೆಂಟು, ಒಳಗಡೆ ಪುಟ್ಟಿ ಮತ್ತು ಪೇಂಟು. ಕೆಳಗಿಂದ ಹತ್ತಿದ ನೀರಿಗೆ ಯಾವ ಕಡೆಯೂ ದಾರಿ ಇರಲಿಲ್ಲ.

ಜನವರಿ: ಮೇಸ್ತ್ರಿ ಸಿಕ್ಕಿದರು

ಸುಣ್ಣದ ಕೆಲಸ ಗೊತ್ತಿರುವವರನ್ನು ಹುಡುಕಲು ಎರಡು ತಿಂಗಳು ಬೇಕಾಯಿತು. ಹಳೇ ದೇವಸ್ಥಾನವೊಂದರ ಗಾರೆ ಕೆಲಸ ನಡೆಯುತ್ತಿದ್ದ ಕಡೆ ವಿಚಾರಿಸಿ ಒಬ್ಬ ಮೇಸ್ತ್ರಿಯನ್ನು ಕರೆತಂದೆ. ವಯಸ್ಸು ಎಪ್ಪತ್ತರ ಹತ್ತಿರ. ಬಂದವರು ಗೋಡೆಗೆ ಕಿವಿ ಕೊಟ್ಟು ಬೆರಳ ಗೆಣ್ಣಿನಲ್ಲಿ ಕುಟ್ಟುತ್ತಾ ಈ ತುದಿಯಿಂದ ಆ ತುದಿಗೆ ಹೋದರು. ಟೊಳ್ಳು ಶಬ್ದ ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದರು.

"ಅಕ್ಕ, ಈ ಗೋಡೆಗೆ ನೀರು ಕುಡಿಯೋದು ಹೊಸದಲ್ಲ" ಅಂದರು. "ಮೊದಲೂ ಕುಡೀತಿತ್ತು, ಬೆವರಿ ಒಣಗ್ತಿತ್ತು. ನೀವು ಅದರ ಬೆವರು ನಿಲ್ಲಿಸಿದ್ದೀರಿ."

ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ವಿವರಿಸಿಲ್ಲ. ಸುಣ್ಣದ ಗಾರೆಯಲ್ಲಿ ಕಣ್ಣಿಗೆ ಕಾಣದ ರಂಧ್ರ ಜಾಸ್ತಿ. ನೀರು ಅದರೊಳಗಿಂದ ಹಬೆಯಾಗಿ ಆಚೆ ಹೋಗುತ್ತದೆ. ಸಿಮೆಂಟ್ ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಬಳಿದರೆ ಆ ದಾರಿ ಮುಚ್ಚುತ್ತದೆ. ನೀರು ನಿಲ್ಲುವುದಿಲ್ಲ, ದಾರಿ ಸಿಗುವ ತನಕ ಇನ್ನೂ ಮೇಲೆ ಏರುತ್ತದೆ. ಮೂರಡಿ ಟೈಲ್ಸ್ ಹಾಕಿದ್ದರೆ ಒದ್ದೆ ನಾಲ್ಕನೇ ಅಡಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು, ಅಷ್ಟೇ. ನೀರಿನ ಜೊತೆ ಮಣ್ಣಿನ, ಇಟ್ಟಿಗೆಯ ಉಪ್ಪೂ ಕರಗಿ ಬರುತ್ತದೆ. ನೀರು ಆರಿದ ಜಾಗದಲ್ಲಿ ಉಪ್ಪು ಹರಳುಗಟ್ಟುತ್ತದೆ. ಹರಳು ಬೆಳೆದಾಗ ಬಣ್ಣವನ್ನು ಒಳಗಿಂದ ಎಬ್ಬಿಸುತ್ತದೆ. ನಮ್ಮ ಗೋಡೆಯ ಹಪ್ಪಳ ಅದೇ.

ಮೊದಲು ಹೊರಗಿನ ಕೆಲಸ. ಸಂದಿಯ ಕಾಂಕ್ರೀಟಲ್ಲಿ ಗೋಡೆಗೆ ತಾಗಿದ ಒಂದೂವರೆ ಅಡಿ ಅಗಲ ಒಡೆಸಿದೆವು. ಹೊರಗಿನ ಸಿಮೆಂಟ್ ಪ್ಲಾಸ್ಟರನ್ನು ಉಳಿಯಲ್ಲಿ ಬಿಡಿಸಿದಾಗ ಹಿಂದಿನ ಇಟ್ಟಿಗೆ ನೆನೆದ ಬಿಸ್ಕತ್ತಿನ ಹಾಗೆ ಮೆತ್ತಗಿತ್ತು. ಒಂದೂಕಾಲು ಅಡಿ ಆಳ ಅಗೆದರು. ತಳಪಾಯದ ಕಲ್ಲು ಮೂರಡಿ ಕೆಳಗಿನವರೆಗೆ ಇದೆ, ಅದರ ಬುಡ ಮುಟ್ಟುವ ಹಾಗೆ ಅಗೆಯಲೇಬಾರದು ಅಂತ ಮೇಸ್ತ್ರಿ ಗಟ್ಟಿಯಾಗಿ ಹೇಳಿದರು. ತಳದಲ್ಲಿ ತೂತು ಮಾಡಿದ 4 ಇಂಚಿನ ಪಿವಿಸಿ ಪೈಪು, ಹಿಂದಿನ ಚರಂಡಿಯ ಕಡೆಗೆ ಇಳಿಜಾರು, ಮೇಲೆ ತೊಳೆದ 40 ಎಂಎಂ ಜಲ್ಲಿ. ತಾರಸಿ ಪೈಪಿಗೆ ಎಲ್ಬೋ ಹಾಕಿ ನೀರನ್ನು ನೇರ ಚರಂಡಿಗೆ ಬಿಟ್ಟೆವು. ಸಂದಿಯ ಬಾಯಲ್ಲಿ, ರಸ್ತೆಯ ನೀರು ಬರದ ಹಾಗೆ 6 ಇಂಚಿನ ಕಟ್ಟೆ. ಇದಿಷ್ಟಕ್ಕೆ ಐದು ದಿನ ಹಿಡಿಯಿತು.

ಫೆಬ್ರವರಿಯಿಂದ ಮೇ: ಕಾಯುವುದು, ಉಪ್ಪು ತೂಗುವುದು

ಒಳಗಿನ ಗಾರೆ ಬಿಡಿಸಿದ ದಿನ ಹಾಲ್ ನೋಡಿ ಅಳು ಬಂತು. ಕಲೆಯಿದ್ದ ಎತ್ತರಕ್ಕಿಂತ ಒಂದೂಕಾಲು ಅಡಿ ಮೇಲಿನವರೆಗೆ, ಅಂದರೆ ನಾಲ್ಕೂವರೆ ಅಡಿಯವರೆಗೆ ಪೂರ್ತಿ ತೆಗೆದರು. ಇಟ್ಟಿಗೆಯ ಸಂದುಗಳನ್ನು ಮುಕ್ಕಾಲು ಇಂಚು ಕೆರೆದರು. ಟಿವಿ ರೂಮಿಗೆ, ದಿವಾನ ಅಡುಗೆಮನೆಗೆ, ಪುಸ್ತಕ ಮಂಚದ ಕೆಳಗೆ. ಎಷ್ಟು ಬಟ್ಟೆ ಮುಚ್ಚಿದರೂ ದೇವರಮನೆಯ ದೀಪದ ಮೇಲೂ ಧೂಳು.

ಇನ್ನು ಯಾವಾಗ ಗಾರೆ ಅಂದರೆ, "ಬೇಸಿಗೆ ಪೂರ್ತಿ ಬಿಡಿ ಅಕ್ಕ" ಅಂದರು ಮೇಸ್ತ್ರಿ. ನಾಲ್ಕು ತಿಂಗಳು ಬರೀ ಇಟ್ಟಿಗೆ ನೋಡಿಕೊಂಡು ಹಾಲ್‌ನಲ್ಲಿ ಕೂರುವುದು ಹೇಗಿರುತ್ತದೆ ಅಂತ ಕೂತವರಿಗೇ ಗೊತ್ತು. ಮನೆಗೆ ಬಂದವರೆಲ್ಲ "ಇನ್ನೂ ಮುಗಿದಿಲ್ವಾ?" ಅಂತಲೇ ಕೇಳುವರು. ಆದರೆ ಆತುರ ಮಾಡಿದರೆ ಒಳಗಿನ ಉಪ್ಪೆಲ್ಲ ಹೊಸ ಗಾರೆಗೇ ಬರುತ್ತದೆ.

ಅವರು ಕೊಟ್ಟ ಕೆಲಸ ಒಂದೇ. ವಾರಕ್ಕೊಮ್ಮೆ ಒಣ ಬ್ರಷ್ಷಿನಲ್ಲಿ ಇಟ್ಟಿಗೆ ಉಜ್ಜಿ, ಉದುರಿದ ಉಪ್ಪನ್ನು ಮನೆಯಿಂದ ಆಚೆ ಹಾಕುವುದು. ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ನಾನು ಕೆಳಗೆ ಪೇಪರ್ ಹಾಸಿ, ಬಿದ್ದದ್ದನ್ನೆಲ್ಲ ಗುಡಿಸಿ ತೂಕ ಮಾಡತೊಡಗಿದೆ. ಒಂದು ಸಣ್ಣ ಡಿಜಿಟಲ್ ತಕ್ಕಡಿಯನ್ನು ಇದಕ್ಕೇ ಇಟ್ಟೆ. ಪ್ರತಿ ಭಾನುವಾರ ಬೆಳಗ್ಗೆ ಕಾಫಿಗೆ ಮುಂಚೆ.

ಫೆಬ್ರವರಿ ಮೊದಲ ವಾರ 410 ಗ್ರಾಂ. ಇಟ್ಟಿಗೆಯ ಪುಡಿಯೂ ಸೇರಿದೆ ಅನ್ನಿ. ಎರಡನೇ ವಾರ 365. ಮಾರ್ಚ್ ಹೊತ್ತಿಗೆ 200ರ ಆಸುಪಾಸು. ಏಪ್ರಿಲ್‌ನಲ್ಲಿ ಒಂದು ಜೋರು ಮಳೆ ಬಂತು. ಆ ವಾರ ಮತ್ತೆ ಏರುತ್ತೇನೋ ಅಂತ ಎದೆ ಹೊಡೆದುಕೊಂಡಿತು. 90 ಗ್ರಾಂ ಬಂತು. ಹಿಂದಿನ ವಾರ 95 ಇತ್ತು. ಹೊರಗಿನ ಜಲ್ಲಿ ತನ್ನ ಕೆಲಸ ಮಾಡುತ್ತಿದೆ ಅಂತ ಅವತ್ತು ಖಾತ್ರಿಯಾಯಿತು. ಅಮ್ಮನಿಗೂ ಪುಸ್ತಕ ತೋರಿಸಿದೆ. ಮೇ ಕೊನೆಗೆ 12 ಗ್ರಾಂ.

ಮಾರ್ಚ್: ಸೋಫಾ

ಮಧ್ಯೆ ನಾನು ತಾಳ್ಮೆ ಕಳಕೊಂಡು ಮಾಡಿದ ಒಂದು ತಪ್ಪನ್ನೂ ಬರೆಯಬೇಕು. ಎಕ್ಸ್‌ಚೇಂಜ್ ಸೇಲ್ ಅಂತ ಒಂದು ಅಂಗಡಿಯಲ್ಲಿ ಮೂರು ಜನ ಕೂರುವ ಸೋಫಾ ಬುಕ್ ಮಾಡಿದೆ. ಉದ್ದ 84 ಇಂಚು. ಹಾಲ್‌ನಲ್ಲಿ ಜಾಗ ಅಳೆದಿದ್ದೆ. ಬಾಗಿಲು ಅಳೆದಿರಲಿಲ್ಲ.

ನಾಲ್ಕು ಜನ ಹೊತ್ತು ತಂದರು. ನಮ್ಮ ತಲೆಬಾಗಿಲಿನ ಚೌಕಟ್ಟು 36 ಇಂಚು. ಆದರೆ ತೇಗದ ಬಾಗಿಲನ್ನು ಪೂರ್ತಿ ತೆಗೆದರೂ ಅದರ ದಪ್ಪ ಮತ್ತು ಹಿಡಿ ಸೇರಿ ಓಡಾಡಲು ಸಿಗುವುದು 33. ಸೋಫಾದ ಅಗಲ 38, ಎತ್ತರ 35. ಯಾವ ಮಗ್ಗುಲಿಗೆ ಹಾಕಿದರೂ 33ರಲ್ಲಿ ತೂರುವುದಿಲ್ಲ. ಕಾಲು ಬಿಚ್ಚಬಹುದಾ ಅಂದರೆ ಅದೂ ಸೋಫಾದ ಮೈಗೇ ಸೇರಿದ ಕಾಲು. ಕಿಟಕಿಗೆ ಕಬ್ಬಿಣದ ಸರಳು. ಅರ್ಧ ಗಂಟೆ ತಿರುಗಿಸಿ ಮುರುಗಿಸಿ, ಚೌಕಟ್ಟಿನ ಕೆತ್ತನೆಗೆ ಒಂದು ಗೀರು ಬಿದ್ದದ್ದೇ ಬಂತು. ಜಗುಲಿಯ ಮೇಲೆ ಸೋಫಾ ಒಂದು ರಾತ್ರಿ ಮಲಗಿತ್ತು. ವಾಪಸ್ ತಗೊಂಡರು, ಆದರೆ ಸಾಗಾಣಿಕೆ ಅಂತ 3,500 ಹಿಡಿದುಕೊಂಡರು. ಆ ದುಡ್ಡಿಗಿಂತ ಚೌಕಟ್ಟಿನ ಗೀರು ನನಗೆ ಜಾಸ್ತಿ ನೋವಾಯಿತು. ತಾತ ಬಡಗಿಯನ್ನು ಮನೆಯಲ್ಲೇ ಇರಿಸಿಕೊಂಡು ಮಾಡಿಸಿದ ಬಾಗಿಲು ಅದು.

ಈಗ ಏನು ತರಬೇಕಾದರೂ ಎರಡು ಕೆಲಸ ಮಾಡುತ್ತೇನೆ. ಬಾಗಿಲು ತೆಗೆದಿಟ್ಟು, ಕೀಲಿನ ಕಡೆಯಿಂದ ಎದುರು ಚೌಕಟ್ಟಿಗೆ ನಿಜವಾಗಿ ಎಷ್ಟು ಜಾಗ ಇದೆ ಅಂತ ಅಳೆಯುತ್ತೇನೆ. ಬಾಗಿಲಾದ ಮೇಲಿನ ತಿರುವನ್ನೂ ಅಳೆಯುತ್ತೇನೆ. ಆಮೇಲೆ ಹಳೇ ಪೇಪರನ್ನು ಆ ವಸ್ತುವಿನ ಅಳತೆಗೆ ಅಂಟಿಸಿ ನೆಲದ ಮೇಲೆ ಹಾಸಿ, ಎರಡು ದಿನ ಅದರ ಸುತ್ತ ಓಡಾಡಿ ನೋಡುತ್ತೇವೆ. ಅಮ್ಮನಿಗೆ ಮಂಡಿನೋವು. ಅವರು ದೇವರಮನೆಗೆ ಹೋಗುವ ದಾರಿಯಲ್ಲಿ ಪೇಪರ್ ಕಾಲಿಗೆ ಸಿಕ್ಕಿದರೆ ಆ ಸಾಮಾನು ಬೇಡ.

ಜೂನ್: ಸುಣ್ಣ

50 ಕಿಲೋ ಸುಟ್ಟ ಸುಣ್ಣ ತಂದೆವು. ಹಿತ್ತಲಲ್ಲಿ ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು ತುಂಬಿ, ಆಮೇಲೆ ಸುಣ್ಣದ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸುಣ್ಣದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಹಾಕಿದ ಎರಡು ನಿಮಿಷಕ್ಕೆ ಡ್ರಮ್ಮು ಕೊತಕೊತ ಕುದಿಯಿತು. ಒಲೆ ಇಲ್ಲ, ಬೆಂಕಿ ಇಲ್ಲ, ಆದರೂ ಹಬೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಹಾಗಾಗಿ ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಲಿಲ್ಲ, ಮೇಸ್ತ್ರಿಯನ್ನೂ. ಪಕ್ಕದಲ್ಲಿ ಒಂದು ಬಕೆಟ್ ಶುದ್ಧ ನೀರು ಸದಾ ಇತ್ತು.

ಅದು ನೀರಿನಡಿಯಲ್ಲೇ ನಾಲ್ಕು ವಾರ ಇತ್ತು. ದಿನ ಕಳೆದಂತೆ ಗಂಟು ಕರಗಿ ಬೆಣ್ಣೆಯ ಹಾಗಾಯಿತು. ಜರಡಿ ಹಿಡಿದು ಸೋಸಿದಾಗ ಕರಣೆಯಿಂದ ಜಾರದೆ ಮೆತ್ತಗೆ ಕೂರುತ್ತಿತ್ತು. ಅಳಲೆಕಾಯಿ ಜಜ್ಜಿ, ಬೆಲ್ಲದ ಜೊತೆ ನೀರಲ್ಲಿ ಒಂದು ವಾರ ನೆನೆಸಿದ್ದರು. ಗಾರೆ ಕಲಸಲು ಆ ನೀರೇ.

ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳು. ಸುರ್ಕಿ ಅಂದರೆ ನುಣ್ಣಗೆ ಕುಟ್ಟಿದ ಇಟ್ಟಿಗೆ ಪುಡಿ. ಬರೀ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡೇ ಗಟ್ಟಿಯಾಗಬೇಕು, ಒದ್ದೆ ಜಾಗದಲ್ಲಿ ಅದು ಬಹಳ ನಿಧಾನ. ಸುರ್ಕಿ ಸೇರಿದರೆ ತೇವದಲ್ಲೂ ಗಟ್ಟಿಯಾಗುತ್ತದೆ. ಗೋಡೆಯ ಬುಡಕ್ಕೆ ಅದು ಬೇಕೇ ಬೇಕು. ಒಂದು ಹಿಡಿ ಸಿಮೆಂಟ್ ಹಾಕಿದರೆ ಬೇಗ ಆಗಲ್ವಾ ಅಂತ ಕೇಳಿದೆ. ಮೇಸ್ತ್ರಿ ಉತ್ತರ ಕೊಡದೆ ನನ್ನ ಮುಖ ನೋಡಿದರು. ಮತ್ತೆ ಕೇಳಲಿಲ್ಲ.

ಜುಲೈ: ಆಷಾಢದ ಗಾಳಿ

ಮೊದಲ ಕೋಟು ಗುರುವಾರ ಮುಗಿಯಿತು. ಅರ್ಧ ಇಂಚಿಗಿಂತ ದಪ್ಪ ಬೇಡ ಅಂತ ಲೆಕ್ಕ. ಮಾರನೇ ದಿನ ಆಷಾಢ ಶುಕ್ರವಾರ. ಮೇಸ್ತ್ರಿ ಬೆಟ್ಟಕ್ಕೆ ಹೋದರು. ನಾನು ಸ್ಕೂಲಿಗೆ ಹೋದೆ. ಹೋಗುವ ಮುಂಚೆ ಗೋಡೆ ಬೇಗ ಆರಲಿ ಅಂತ ಎರಡೂ ಕಿಟಕಿ ತೆಗೆದಿಟ್ಟೆ. ಒಳ್ಳೆಯದಕ್ಕೇ ಅಂದುಕೊಂಡಿದ್ದೆ.

ಸಂಜೆ ಬಂದು ನೋಡಿದರೆ ಗೋಡೆಯ ತುಂಬ ಬಿರುಕು. ಬೇಸಿಗೆಯಲ್ಲಿ ಒಣಗಿದ ಕೆರೆಯ ಹಾಗೆ, ಕೂದಲೆಳೆಯಷ್ಟು ಸಣ್ಣದಾಗಿ, ಕಿಟಕಿಯ ಎದುರಿಗೆ ಜಾಸ್ತಿ. ಸುಣ್ಣ ಆರಬಾರದು, ಬಲಿಯಬೇಕು. ಬಲಿಯಲು ತೇವ ಬೇಕು. ಆಷಾಢದ ಬಿರುಗಾಳಿ ಒಂದೇ ದಿನದಲ್ಲಿ ಅದನ್ನೆಲ್ಲ ಹೀರಿಬಿಟ್ಟಿತ್ತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಶನಿವಾರ ಮೇಸ್ತ್ರಿ ಬಂದು ಬೈಯಲಿಲ್ಲ. ನೀರು ಚಿಮುಕಿಸಿ, ಮರದ ಉಜ್ಜುಹಲಗೆಯಿಂದ ಒತ್ತಿ ಒತ್ತಿ ಸುತ್ತು ಹಾಕುತ್ತಾ ತಿಕ್ಕಿದರು. ಗಾರೆ ಇನ್ನೂ ಎಳೆಯದಾಗಿದ್ದರಿಂದ ಬಿರುಕು ಕೂಡಿಕೊಂಡಿತು. ಒಂದೆರಡು ಕಡೆ ಕೂಡಲಿಲ್ಲ, ಅಲ್ಲಿ ಕಿತ್ತು ಮತ್ತೆ ಹಾಕಿದರು. ಆಮೇಲೆ ಕಿಟಕಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟು, ಹತ್ತು ದಿನ ಬೆಳಗ್ಗೆ, ಮಧ್ಯಾಹ್ನ, ಸಂಜೆ ಗಿಡಕ್ಕೆ ನೀರು ಹೊಡೆಯುವ ಸ್ಪ್ರೇ ಬಾಟಲಿಯಲ್ಲಿ ಗೋಡೆಗೆ ನೀರು ಹೊಡೆದೆವು. ಮಧ್ಯಾಹ್ನದ ಪಾಳಿ ಅಮ್ಮನದು. ಎರಡನೇ ಕೋಟು ಮೂರು ವಾರ ಬಿಟ್ಟು ಹಾಕಿದ್ದು. ಅದರಲ್ಲಿ ಒಂದು ಬಿರುಕೂ ಬರಲಿಲ್ಲ.

ಆಗಸ್ಟ್: ನೆಲ, ಟಿವಿ, ಕುರ್ಚಿ

ಕೆಂಪು ನೆಲಕ್ಕೆ ಹಿಂದಿನ ಸಲ ಪೇಂಟರುಗಳು ಬಣ್ಣ ಚೆಲ್ಲಿ, ಆಸಿಡ್ ಹಾಕಿ ಉಜ್ಜಿದ್ದರು. ಆಸಿಡ್ಡು ಸಿಮೆಂಟನ್ನು ತಿನ್ನುತ್ತದೆ, ಹೊಳಪಿನ ಪದರ ಹೋಗಿ ತಟ್ಟೆಯಷ್ಟು ಅಗಲದ ಮಂಕು ಕಲೆ. ಇಡೀ ನೆಲ ಸಂದಿಲ್ಲದ ಒಂದೇ ಹಾಸು, ಅಲ್ಲಿಷ್ಟು ಕಿತ್ತು ತೇಪೆ ಹಾಕಿದರೆ ತೇಪೆ ಎದ್ದು ಕಾಣುತ್ತದೆ. ವಾರಕ್ಕೆರಡು ಸಲ ಕೊಬ್ಬರಿ ಎಣ್ಣೆ ಎರಡೇ ಹನಿ ಹಾಕಿ ಹತ್ತಿ ಬಟ್ಟೆಯಲ್ಲಿ ತಿಕ್ಕುತ್ತಿದ್ದೇನೆ. ಕಲೆ ಹೋಗಿಲ್ಲ, ಬಣ್ಣ ಹತ್ತಿರ ಬಂದಿದೆ.

ಹಳೇ ಟಿವಿ ಸ್ಟ್ಯಾಂಡು ಮರದ ಪುಡಿ ಒತ್ತಿ ಮಾಡಿದ ಹಲಗೆಯದು. ಗೋಡೆಯ ತೇವಕ್ಕೆ ಬುಡ ಊದಿ ಬ್ರೆಡ್ಡಿನ ಹಾಗಾಗಿತ್ತು. ಹೊಸದನ್ನು 18 ಎಂಎಂ ಪ್ಲೈವುಡ್‌ನಲ್ಲಿ ಮಾಡಿಸಿದೆ. ಹಾಳೆಯ ಮೇಲೆ ಐಎಸ್ 710 ಅಂತ ಮುದ್ರೆ ಇರುವುದನ್ನು ನೋಡಿ ತನ್ನಿ. ನೀರು ತಡೆಯುವುದು ಅದು. 303ರ ಮುದ್ರೆಯ ಹಾಳೆಯಲ್ಲಿ ಎಂಆರ್ ಅಂತ ಇರುವುದು ಬರೀ ಗಾಳಿಯ ತೇವ ತಾಳುತ್ತದೆ, ನೆನೆದರೆ ತಾಳುವುದಿಲ್ಲ. ಸ್ಟ್ಯಾಂಡಿಗೆ 5 ಇಂಚಿನ ಕಾಲು, ಹಿಂಬದಿ ತೆರೆದೇ ಇದೆ, ಗೋಡೆಯಿಂದ 3 ಇಂಚು ದೂರ.

ಸೋಫಾ ವಾಪಸ್ ಹೋದ ಮೇಲೆ ಅಮ್ಮ ಅಟ್ಟ ತೋರಿಸಿದ್ದರು. ಅಲ್ಲಿ ತಾತನ ಕಾಲದ ಎರಡು ಬೀಟೆ ಕುರ್ಚಿ, ಒಂದು ಬೆಂಚು. ಮರ ಕಲ್ಲಿನ ಹಾಗಿದೆ, ಬೆತ್ತದ ಹೆಣಿಗೆ ಮಾತ್ರ ಹರಿದು ಜೋಲುತ್ತಿತ್ತು. ನೈಲಾನಿನ ರೆಡಿಮೇಡ್ ಜಾಳಿಗೆ ಹೊಡೆದುಕೊಡುತ್ತೇನೆ ಅಂದರು ಹಲವರು. ನನಗೆ ಬೆತ್ತವೇ ಬೇಕಿತ್ತು.

ಹೆಣೆದುಕೊಟ್ಟವರು ಕಣ್ಣು ಕಾಣದ ಒಬ್ಬ ಕುಶಲಿ. ಮೂರು ದಿನ ಜಗುಲಿಯಲ್ಲಿ ಕೂತು ಕೆಲಸ ಮಾಡಿದರು. ನಾನು ರಜೆ ಹಾಕಿ ಒಂದು ದಿನ ಪೂರ್ತಿ ನೋಡಿದೆ. ಸೀಳಿದ ಬೆತ್ತವನ್ನು ಅರ್ಧ ಗಂಟೆ ನೀರಲ್ಲಿ ನೆನೆಸುತ್ತಾರೆ. ಮೊದಲು ಉದ್ದಕ್ಕೆ ಒಂದು ಸಾಲು, ಅದರ ಮೇಲೆ ಅಡ್ಡಕ್ಕೆ ಒಂದು. ಮತ್ತೆ ಉದ್ದಕ್ಕೆ, ಮೊದಲಿನದರ ಪಕ್ಕಕ್ಕೇ. ಮತ್ತೆ ಅಡ್ಡಕ್ಕೆ, ಈ ಸಲ ಒಂದರ ಕೆಳಗೆ ಒಂದರ ಮೇಲೆ ನೇಯುತ್ತಾ. ಆಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡು ಸಲ, ಆಗ ಎಂಟು ಮೂಲೆಯ ಕಣ್ಣು ಮೂಡುತ್ತದೆ. ಎಡಗೈ ಬೆರಳು ಚೌಕಟ್ಟಿನ ಅಡಿಯಲ್ಲಿ ತೂತು ಹುಡುಕುತ್ತಿದ್ದರೆ ಬಲಗೈ ಮೇಲೆ ಬೆತ್ತವನ್ನು ತೂರುತ್ತಿತ್ತು. ಒಂದು ಕಡೆ ತಪ್ಪಿ ಎರಡು ಎಳೆ ಹಾರಿದ್ದವು. ನನಗೆ ಕಂಡಿರಲಿಲ್ಲ. ಅವರು ಬೆರಳಾಡಿಸಿ ನಿಂತು, ಆರು ಸಾಲು ಬಿಚ್ಚಿ ಮತ್ತೆ ಹೆಣೆದರು.

ರಾತ್ರಿ ಕುರ್ಚಿ ಹಾಲ್‌ನಲ್ಲಿತ್ತು. ಒದ್ದೆ ಬೆತ್ತ ಆರುತ್ತಾ ಬಿಗಿಯಾಗುವಾಗ ಟಿಕ್ ಟಿಕ್ ಅಂತ ಸಣ್ಣಗೆ ಶಬ್ದ ಮಾಡುತ್ತದೆ. ಅಮ್ಮ ನಿದ್ದೆಯಿಂದ ಎದ್ದು ಬಂದು "ಇದು ನನಗೆ ಗೊತ್ತಿರೋ ಸದ್ದು ಕಣೆ" ಅಂದರು.

ಸೆಪ್ಟೆಂಬರ್: ಬಣ್ಣ

ಡ್ರಮ್ಮಲ್ಲಿ ಉಳಿದ ಸುಣ್ಣವನ್ನೇ ಹಾಲಿನಷ್ಟು ತೆಳ್ಳಗೆ ಮಾಡಿ ನಾಲ್ಕು ಕೋಟು ಬಳಿದೆವು. ಇದನ್ನು ನಾನೇ ಮಾಡಿದೆ. ಬಳಿದಾಗ ಏನೂ ಕಾಣುವುದಿಲ್ಲ, ಗೋಡೆ ಒದ್ದೆಯಾದ ಹಾಗೆ ಅಷ್ಟೇ. ಕಾಣಲಿಲ್ಲ ಅಂತ ದಪ್ಪ ಬಳಿದರೆ ಆಮೇಲೆ ಪುಡಿಯಾಗಿ ಉದುರುತ್ತದೆ. ಕಾಯಬೇಕು. ಗಂಟೆ ಕಳೆದಂತೆ ಬಿಳುಪು ಒಳಗಿಂದ ಮೂಡುತ್ತದೆ. ಕೊನೇ ಕೋಟಿಗೆ ಚಿಟಿಕೆ ನೀಲಿ.

ಕೆಳಗಿನ ಮೂರಡಿಗೆ ಕೆಮ್ಮಣ್ಣು ಬೆರೆಸಿದ ಸುಣ್ಣ. ಒದ್ದೆಯಲ್ಲಿ ಕಡುಗೆಂಪು, ಆರಿದರೆ ಬಹಳ ತಿಳಿ. ಹಲಗೆಯ ಮೇಲೆ ನಾಲ್ಕು ಮಾದರಿ ಮಾಡಿ, ಒಂದು ದಿನ ಆರಲು ಬಿಟ್ಟು, ಅದರಲ್ಲಿ ಒಂದನ್ನು ಆಯ್ದುಕೊಂಡೆ. ಪರದೆಗೆ ದಪ್ಪ ಪಾಲಿಯೆಸ್ಟರ್ ಬಿಟ್ಟು ತೆಳು ಖಾದಿ ಹಾಕಿದೆ, ನೆಲದಿಂದ ಎರಡಿಂಚು ಮೇಲೆ.

ಒಟ್ಟು ಖರ್ಚು: ಗೋಡೆಗೆ, ಹೊರಗಿನ ಜಲ್ಲಿಗೆ, ಕೂಲಿಗೆ ಸೇರಿ 46,500. ಕುರ್ಚಿ, ಬೆಂಚಿಗೆ 7,200. ಟಿವಿ ಸ್ಟ್ಯಾಂಡು 14,000. ಸೋಫಾಕ್ಕೆ ಕಳಕೊಂಡ 3,500 ಬೇರೆ.

ಅಕ್ಟೋಬರ್

ಅಕ್ಟೋಬರ್ 3ಕ್ಕೆ ನವರಾತ್ರಿ ಶುರು. ಹಿಂದಿನ ದಿನ ಐದು ಮೆಟ್ಟಿಲು ಜೋಡಿಸಿದೆವು. ಈ ಸಲ ಗೋಡೆಗೆ ಒರಗಿಸದೆ ನಾಲ್ಕು ಬೆರಳು ಬಿಟ್ಟೆ. ಅಮ್ಮ ಪಟ್ಟದ ರಾಣಿಗೆ ಹೊಸ ಸೀರೆ ಉಡಿಸಿದರು. ಕಪ್ಪಾದ ಜರಿಯ ಹಳೇ ತುಂಡನ್ನು ಬಿಸಾಡಲು ಮನಸ್ಸಾಗದೆ ಗೊಂಬೆಯ ಪೆಟ್ಟಿಗೆಯಲ್ಲೇ ಮಡಿಸಿಟ್ಟರು.

ಹಬ್ಬ ಮುಗಿದ ವಾರದಲ್ಲಿ ಒಂದು ರಾತ್ರಿ ಮಳೆ ಸುರಿಯಿತು ನೋಡಿ, ಬೆಳಗಿನ ಜಾವದವರೆಗೂ ನಿಲ್ಲಲಿಲ್ಲ. ಐದೂವರೆಗೆ ಟಾರ್ಚ್ ಹಿಡಿದು ಸಂದಿಗೆ ಹೋದೆ. ರಸ್ತೆಯ ನೀರು ಕಟ್ಟೆಯ ಆಚೆ ನಿಂತಿತ್ತು. ಹಿಂದಿನ ಚರಂಡಿಗೆ ಪೈಪಿನಿಂದ ಹೆಬ್ಬೆರಳ ಗಾತ್ರ ನೀರು ಸುರಿಯುತ್ತಿತ್ತು. ಒಳಗೆ ಬಂದು ಗೋಡೆ ಮುಟ್ಟಿದೆ. ತಣ್ಣಗಿತ್ತು, ಒದ್ದೆ ಇರಲಿಲ್ಲ.

ಎರಡು ವಾರದ ಮೇಲೆ ಮತ್ತೆ ಎಲ್ಲ ಕಡೆ ನೋಡಿದೆ. ಬಾಗಿಲ ಪಕ್ಕದ ಮೂಲೆಯಲ್ಲಿ, ಸ್ವಿಚ್‌ಬೋರ್ಡಿನ ಕೆಳಗೆ ಅಂಗೈಯಗಲ ಜಾಗದಲ್ಲಿ ಸಣ್ಣಗೆ ಉಪ್ಪಿನ ಬಿಳಿ ಹೂವು ಎದ್ದಿತ್ತು. ಅಲ್ಲಿ ಹಳೇ ವೈರಿಂಗ್ ಪೈಪಿನ ಸುತ್ತ ಎಂದೋ ಮೆತ್ತಿದ ಸಿಮೆಂಟನ್ನು ನಾವು ಬಿಡಿಸಿರಲಿಲ್ಲ. ಬ್ರಷ್ಷಿನಲ್ಲಿ ಉಜ್ಜಿ ತೂಗಿದೆ. 6 ಗ್ರಾಂ. ಪುಸ್ತಕದಲ್ಲಿ ಬರೆದುಕೊಂಡೆ. ಮೇಸ್ತ್ರಿಗೆ ಫೋನ್ ಮಾಡಿದೆ, ಸಂಕ್ರಾಂತಿ ಆದ ಮೇಲೆ ಬಂದು ಆ ಮೂಲೆ ಬಿಡಿಸುತ್ತೇನೆ ಅಂದಿದ್ದಾರೆ. ಡ್ರಮ್ಮಲ್ಲಿ ಇನ್ನೂ ಅರ್ಧ ಬಕೆಟ್ ಸುಣ್ಣ ಇದೆ. ಮೇಲೆ ನೀರು ನಿಲ್ಲಿಸಿ ಮುಚ್ಚಿಟ್ಟಿದ್ದೇನೆ.